ಹೆಸರು ಬದಲಾವಣೆ ಮಾತ್ರ

ಬರೆದದ್ದು ಇರಬೇಕು, ಬರೆಯದೇ ಇದ್ದದ್ದು ಇರಕೂಡದು. ಮೇಸ್ತ್ರಿಗೆ ಗೊತ್ತಿದ್ದ ನಿಯಮ ಇದೊಂದೇ.

ಮೇಸ್ತ್ರಿ ಮನುಷ್ಯನಲ್ಲ. ಹುಬ್ಬಳ್ಳಿಯ ನುಡಿಗೂಡು ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಓಡುತ್ತಿದ್ದ ಒಂದು ತಂತ್ರಾಂಶ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಅಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಏನೇನು ಇರಬೇಕೆಂದು ಒಂದು ಕಡತದಲ್ಲಿ ಸಾಲುಸಾಲಾಗಿ ಬರೆದರೆ, ಮೇಸ್ತ್ರಿ ಅದನ್ನು ಓದಿ, ಯಾರೂ ನೋಡಿರದ ಯಾವುದೋ ಊರಿನ ಬಾಡಿಗೆ ಯಂತ್ರಗಳಲ್ಲಿ, ಕ್ಲೌಡ್ ಎನ್ನುತ್ತಾರಲ್ಲ ಅಲ್ಲಿ, ಅದನ್ನೆಲ್ಲ ಕಟ್ಟಿ ಬರುತ್ತಿತ್ತು. ಕಡತದಿಂದ ಒಂದು ಸಾಲು ಕಾಣೆಯಾದರೆ ಹೋಗಿ ಕೆಡವಿ ಬರುತ್ತಿತ್ತು. ಕೈಹಾಕುವ ಮೊದಲು ಒಂದು ಅಂದಾಜು ಮುಂದಿಡುತ್ತಿತ್ತು: ಕಟ್ಟುವುದರ ಮುಂದೆ ಕೂಡಿಸುವ ಚಿಹ್ನೆ, ಕೆಡವುವುದರ ಮುಂದೆ ಕಳೆಯುವ ಚಿಹ್ನೆ. ಸರಿ ಎಂದರೆ ಹೊರಡುತ್ತಿತ್ತು. ಯಾಕೆ ಎಂದು ಮಾತ್ರ ಕೇಳುತ್ತಿರಲಿಲ್ಲ.

ಅದು ಕಟ್ಟುತ್ತಿದ್ದದ್ದು ಗೂಡುಗಳನ್ನು. ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ಕಳೆದುಕೊಂಡವರು, ಲಕ್ವ ಹೊಡೆದು ಮಾತು ನಿಂತವರು ಕೊರಳಿಗೊಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಮಾತಾಡಲು ಹೊರಟಾಗ ಗಂಟಲಿನ ಸ್ನಾಯು ಮಿಡಿಯುತ್ತದಲ್ಲ, ಆ ಮಿಡಿತವನ್ನು ಪಟ್ಟಿ ಹಿಡಿದು ಗೂಡಿಗೆ ಕಳಿಸುತ್ತಿತ್ತು. ಈ ಮನುಷ್ಯ ಹೇಳಹೊರಟದ್ದು ಇದು ಎಂದು ಗೂಡು ತಿಳಿಸುತ್ತಿತ್ತು. ಪಟ್ಟಿ ಅದನ್ನು ಆ ಮನುಷ್ಯನ ಹಳೆಯ ಧ್ವನಿಯಲ್ಲೇ ಆಡಿ ತೋರಿಸುತ್ತಿತ್ತು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯುತ್ತಿರಲಿಲ್ಲ. ಪಟ್ಟಿ ಬರೀ ಡಬ್ಬಿ. ಮಾತಿದ್ದದ್ದು ಗೂಡಿನಲ್ಲಿ. ಒಬ್ಬರ ಗೂಡು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಪ್ರತಿಯೊಂದೂ ತನ್ನ ಒಡೆಯನ ಜೊತೆಯಲ್ಲೇ ವರ್ಷಗಟ್ಟಲೆ ಕಲಿತು ಬೆಳೆದದ್ದು.

ಸೋಮವಾರ ಬೆಳಿಗ್ಗೆ ಸತ್ತವರ ಗೂಡು ತೆಗೆಯುವ ಕೆಲಸ.

"ಸ್ಮಶಾನದ ಡ್ಯೂಟಿಗೆ ಬಂದಿ ಏನ್ ತಂಗಿ?" ಎಂದಳು ಕಸ್ತೂರಕ್ಕ, ದಾನೇಶ್ವರಿ ಬ್ಯಾಗು ಇಳಿಸುವ ಮೊದಲೇ. ಕೋಣೆಯ ಹಿರಿಯಳು ಅವಳು. ದಾನೇಶ್ವರಿಗೆ ಕೆಲಸ ಕಲಿಸಿದವಳು. ದಾನೇಶ್ವರಿಯ ಗಂಡನಿಗೆ ಆಪರೇಷನ್ ಆದಾಗ ಸರದಿ ಬಿಟ್ಟು ಮೊದಲೇ ಪಟ್ಟಿ ಕೊಡಿಸಿದವಳೂ ಅವಳೇ.

"ನೀವ ಹಿರೇರು ಅಕ್ಕಾರ, ನೀವು ಮುಂದ ನಡೀರಿ. ನಾ ಹಿಂದಿಂದ ಮಂಡಕ್ಕಿ ತೂರ್ತೀನಿ."

"ಬಾಯಿ ಭಾಳ ಆತು ನಿಂದು. ಕುಂಡ್ರು."

ಕೆಡವುವ ಯಾವ ಕೆಲಸವೂ ಒಬ್ಬರಿಂದ ಆಗಬಾರದೆಂಬುದು ಅಲ್ಲಿನ ಪದ್ಧತಿ. ಬರೆದವರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಿ 'ಓದಿದೆ' ಎನ್ನಬೇಕು. ಸಣ್ಣ ತಿದ್ದುಪಡಿಗೂ ಆ 'ಓದಿದೆ' ಬೇಕಿತ್ತು. ಆ ಒಂದು ಮಾತು ಅವರ ಹೆಸರಿನೊಂದಿಗೆ ಕಡತದ ಚರಿತ್ರೆಯಲ್ಲಿ ದಾಖಲಾಗುತ್ತಿತ್ತು. ಅದಲ್ಲದೆ ಪ್ರತಿ ಗೂಡಿಗೂ ಒಂದು ಬೀಗದ ಸಾಲಿರುತ್ತಿತ್ತು. ಆ ಸಾಲನ್ನು ಬೇರೆಯಾಗಿ ತೆಗೆಯುವ ತನಕ ಮೇಸ್ತ್ರಿ ಕೆಡವಲು ಒಪ್ಪುತ್ತಿರಲಿಲ್ಲ.

"ಶಿರಹಟ್ಟಿ ನೀಲವ್ವ. ತೀರಿಕೊಂಡಾರ. ಮನಿಯವರು ಒಪ್ಪ್ಯಾರ. ಬೀಗ ತಗದೈತಿ."

"ಓದಿದೆ."

"ಕುಂದಗೋಳದ ಮಾಸ್ತರು. ತೀರಿಕೊಂಡಾರ. ಮಗಾ ಒಪ್ಪ್ಯಾನ."

"ಓದಿದೆ. ಈ ಮಾಸ್ತರು ಪಟ್ಟಿ ಹಾಕ್ಕೊಂಡ ಮ್ಯಾಲೂ ಮಗ್ಗಿ ಹೇಳಸ್ತಿದ್ರಂತ, ಹೌದನ?"

"ಸಾಯೂ ಹಿಂದಿನ ದಿನಾನೂ."

ಇಬ್ಬರೂ ಸ್ವಲ್ಪ ನಕ್ಕರು. ಮೇಸ್ತ್ರಿ ಹೋಗಿ ಕೆಡವಿ ಬಂದಿತು. ಪರದೆಯ ಮೇಲೆ 'ಮುಗಿಯಿತು' ಎಂದು ಬಂದದ್ದೇ ಮಾಸ್ತರರ ಮಗ್ಗಿ ಎಲ್ಲೂ ಇಲ್ಲವಾಯಿತು.

"ಇನ್ನೊಂದ್ ಐತಿ," ಎಂದಳು ಕಸ್ತೂರಕ್ಕ. "ಹೆಸರು ಬದಲಾವಣೆ ಮಾತ್ರ."

ಆ ಕೆಲಸ ಕೆಲವು ವಾರಗಳಿಂದ ನಡೆದಿತ್ತು. ಗೂಡುಗಳಿಗೆ ಹಳೆಯ ಆಸ್ಪತ್ರೆ ಸಂಖ್ಯೆಗಳ ಬದಲು ಹೊಸ ಮಾದರಿಯ ಹೆಸರು ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಸುಲಭದ ಕೆಲಸ, ಆದರೆ ಅದರಲ್ಲೊಂದು ಗುಂಡಿಯಿತ್ತು. ಕಡತದಲ್ಲಿ ಬರೀ ಹೆಸರು ತಿದ್ದಿದರೆ ಮೇಸ್ತ್ರಿಗೆ ಹಳೆಯದೂ ಹೊಸದೂ ಒಂದೇ ಎಂದು ತಿಳಿಯುತ್ತಿರಲಿಲ್ಲ. ಹಳೆಯ ಹೆಸರು ಕಾಣಲಿಲ್ಲ, ಕೆಡವು. ಹೊಸ ಹೆಸರು ಬಂತು, ಕಟ್ಟು. ಅದಕ್ಕೇ ಪ್ರತಿ ಹೆಸರಿನ ಕೆಳಗೂ 'ಅದೇ ಇದು' ಎಂಬ ಸಾಲೊಂದನ್ನು ಸೇರಿಸಬೇಕಿತ್ತು. ದಾನೇಶ್ವರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಸ್ತೂರಕ್ಕ ಇದನ್ನು ತನ್ನದೇ ರೀತಿಯಲ್ಲಿ ಕಲಿಸಿದ್ದಳು: "ಮದಿವ್ಯಾಗ ಹುಡುಗಿ ಹೆಸರು ಬದಲಸ್ತಾರಲ್ಲ, ಹಂಗಂತ ಈ ಮೇಸ್ತ್ರಿಗೆ ಹೇಳದ ಬಿಟ್ರ, ತವರಮನಿ ಹುಡುಗಿನ್ನ ಕೊಂದು ಗಂಡನ ಮನಿಗೆ ಬ್ಯಾರೆ ಹುಡುಗಿನ್ನ ತಂದು ಬಿಡ್ತಾನ. ಹೆಸರು ಸರಿ ಇರ್ತೈತಿ. ಯಾರಿಗೂ ಸಂಶೆ ಬರೂದಿಲ್ಲ."

ಪರದೆಯ ತುಂಬ ಸಂಖ್ಯೆಗಳಿದ್ದವು. ಕೆಳಗೆ ಇನ್ನೂ ಇದ್ದವು. ದಾನೇಶ್ವರಿ ಊಟದ ಡಬ್ಬಿಯ ಮುಚ್ಚಳ ಸಡಿಲಿಸುತ್ತ, "ಓದಿದೆ" ಎಂದಳು.

"ಪೂರ್ತಿ ನೋಡ್ದಿ?"

"ಹೂಂ."

"ಮತ್ತೊಮ್ಮೆ ಕೆಳಗಿನ ತನಕಾ ನೋಡ್ತಿಯೇನು?"

"ನೀವು ಬರದಿದ್ದು ನಾ ಏನ್ ನೋಡ್ಲಿ ಅಕ್ಕಾರ? ನೋಡಾಕ ಹತ್ತಿದ್ರ ಜ್ವಾಳದ ಹಗೇವ ತೋಡಿದಂಗ, ತಳಾನ ಸಿಗೂದಿಲ್ಲ. ಬರ್ರಿ, ಪುಂಡಿಪಲ್ಲೆ ತಂದೀನಿ."

ಕಸ್ತೂರಕ್ಕ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಕೀಲಿ ಒತ್ತಿದಳು. ಊಟಕ್ಕೆ ಮಾತ್ರ ಬರಲಿಲ್ಲ, ಹಸಿವಿಲ್ಲ ಎಂದಳು.

*

ಸಂಜೆ ದಾನೇಶ್ವರಿ ಉಣಕಲ್ಲಿನ ಮನೆಗೆ ಬಂದಾಗ ಗಂಡ ಫಕೀರೇಶ ಒಳಕೋಣೆಯಲ್ಲಿ ಗೋಡೆಗೊರಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದ.

"ಚಾ ಕುಡದ್ರೀ?"

ಅವನು ತಲೆಯಾಡಿಸಿದ.

"ಯಾಕ, ಮಾತಾಡವಲ್ರಿ?"

ಅವನು ಕೊರಳಿಗೆ ಬೆರಳಿಟ್ಟು ಅಂಗೈ ಬಿಚ್ಚಿ ತೋರಿಸಿದ. ಏನೂ ಇಲ್ಲ.

ಪಟ್ಟಿಯ ಮೇಲಿನ ದೀಪ ಬೆಳ್ಳಗಿತ್ತು. ಚಾರ್ಜ್ ಮುಗಿದರೆ ಕೆಂಪಾಗಬೇಕು, ಸಂಪರ್ಕ ತಪ್ಪಿದರೆ ಹಳದಿ. ಬಿಳಿ ಬಣ್ಣ ಅವಳು ನೋಡಿದ್ದು ಒಂದೇ ಸಲ, ಮೊದಲ ದಿನ ಹೊಸ ಪಟ್ಟಿ ಹಾಕಿದಾಗ.

ಫಕೀರೇಶ ಎಪಿಎಂಸಿ ಯಾರ್ಡಿನಲ್ಲಿ ಉಳ್ಳಾಗಡ್ಡಿ ಹರಾಜಿನ ಸವಾಲು ಕೂಗುತ್ತಿದ್ದವನು. ಚೀಲಗಳ ರಾಶಿಯ ಮೇಲೆ ನಿಂತು ಅವನು ಬೆಲೆ ಏರಿಸತೊಡಗಿದರೆ ಯಾರ್ಡಿನ ಇನ್ನೊಂದು ತುದಿಯ ಮೆಣಸಿನಕಾಯಿ ದಲಾಲರೂ ಸುಮ್ಮನಾಗುತ್ತಿದ್ದರು. ಮದುವೆಯ ಮಾತುಕತೆಗೆ ಬಂದ ದಿನ ದಾನೇಶ್ವರಿಯ ಅತ್ತಿಗೆ, "ಹುಡುಗನ ದನಿ ಊರ ಅಗಸಿ ಬಾಗಲಾ ದಾಟಿ ಬಂತು, ಹುಡುಗ ಆಮ್ಯಾಲ ಬಂದ" ಎಂದು ನಗಿಸಿದ್ದಳು. ಧ್ವನಿಪೆಟ್ಟಿಗೆ ತೆಗೆದ ಮೇಲೂ ಪಟ್ಟಿ ಕಟ್ಟಿಕೊಂಡು ಅವನು ಯಾರ್ಡಿಗೆ ಹೋದ. ಗೂಡು ಕಲಿಯಿತು. ದನಿ ಅವನದೇ. ಆದರೂ ಏನೋ ಕಡಿಮೆ ಎಂದು ಅವನಿಗೆ ಅನಿಸುತ್ತಿತ್ತು. ಮೊದಲಿನ ಖಾರ ಬರುತ್ತಿಲ್ಲ ಎಂದು ಆಗಾಗ ಹೇಳುತ್ತಿದ್ದ. ಯಂತ್ರಕ್ಕೆ ಸಿಟ್ಟು ಬರುವುದಿಲ್ಲ ಎಂದು ದಾನೇಶ್ವರಿಯೇ ಸಮಾಧಾನ ಹೇಳಿದ್ದಳು.

ಅವಳು ಲ್ಯಾಪ್‌ಟಾಪ್ ತೆರೆದಳು. ಗಂಡನ ಗೂಡಿನ ಹಳೆಯ ಸಂಖ್ಯೆ ಹುಡುಕಿದಳು. ಅಂಥದ್ದು ಇಲ್ಲ ಎಂದು ಬಂತು. ಹೊಸ ಹೆಸರಿನಿಂದ ಹುಡುಕಿದಳು.

ಗೂಡು: ಇದೆ. ಕಲಿತ ಪದ: ಇಲ್ಲ. ಹುಟ್ಟಿದ ದಿನ: ಇಂದು.

ಅವಳು ಬೆಳಗಿನ ಅಂದಾಜನ್ನು ಕೆಳಗಿನ ತನಕ ಎಳೆದಳು. ಎಲ್ಲ ಹೆಸರುಗಳ ಕೆಳಗೂ 'ಅದೇ ಇದು' ಎಂಬ ಸಾಲಿತ್ತು. ಕೊನೆಯದೊಂದಕ್ಕೆ ಇರಲಿಲ್ಲ. ಅಲ್ಲಿ ಒಂದು ಕಳೆಯುವ ಚಿಹ್ನೆ, ಒಂದು ಕೂಡಿಸುವ ಚಿಹ್ನೆ. ಕೆಡವಿದ್ದು ಒಂದು, ಕಟ್ಟಿದ್ದು ಒಂದು. ಅದರ ಅಡಿಯಲ್ಲಿ ಅವಳದೇ ಹೆಸರು: ದಾನೇಶ್ವರಿ ಅಂಗಡಿ, ಓದಿದೆ.

ಅವಳ ಬಾಯಿಂದ ಹೊರಟ ಸದ್ದಿಗೆ ಫಕೀರೇಶ ತಲೆಯೆತ್ತಿದ.

"ನಾನ ರೀ," ಎಂದಳು. "ನನ್ನ ಕೈಲೇನ ಆಗೇತಿ. ಡಬ್ಬಿ ಬಿಚ್ಚಕೋತ ಓದಿದೆ ಅಂದ್‌ಬಿಟ್ಟೆ. ಓದಿರಲಿಲ್ಲ. ನಿಮ್ಮ ಗೂಡು ಹೋತು ರೀ. ಇಷ್ಟು ವರ್ಷದ್ದು ಎಲ್ಲಾ ಹೋತು."

ಅವನು ಬೆಳ್ಳುಳ್ಳಿಯ ತಟ್ಟೆಯನ್ನು ಬದಿಗೆ ಸರಿಸಿದ. ಅವಳು ನೆಲದ ಮೇಲೆ ಕುಳಿತು ಅಳತೊಡಗಿದಳು. "ಬೈರಿ ನನಗ," ಎಂದಳು, ಅವನಿಗೆ ಬೈಯಲೂ ಬಾಯಿಲ್ಲ ಎಂಬುದು ಹೊಳೆದು ಇನ್ನೂ ಜೋರಾಗಿ ಅತ್ತಳು. ಅವನು ಎದ್ದು ಹೋಗಿ ನೀರು ತಂದಿಟ್ಟ. ಅವಳ ತಲೆಯ ಮೇಲೆ ಕೈಯಿಟ್ಟು ಕುಳಿತ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಎಂಥ ದೊಡ್ಡ ಮನಸ್ಸು ಇವನದು ಎಂದುಕೊಂಡಳು ದಾನೇಶ್ವರಿ. ಆ ಮನಸ್ಸಿನ ಎದುರು ತಾನು ಎಷ್ಟು ಸಣ್ಣವಳು ಎಂದುಕೊಂಡಳು.

ಕಸ್ತೂರಕ್ಕನಿಗೆ ಮೂರ್ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

*

ಮರುದಿನ ಎಲ್ಲರಿಗಿಂತ ಮೊದಲೇ ಕೇಂದ್ರಕ್ಕೆ ಹೋದಳು. ಗೂಡು ಹೋದರೂ ಅದರ ಪ್ರತಿಗಳಿರುತ್ತವೆ. ಸತ್ತವರದ್ದು ಬಿಟ್ಟರೆ ಬೇರೆ ಯಾವ ಗೂಡನ್ನು ಕೆಡವುವ ಮುನ್ನವೂ ಮೇಸ್ತ್ರಿ ಒಂದು ಪ್ರತಿ ತೆಗೆದಿಡುವುದು ರೂಢಿ. ಅದನ್ನು ತಂದು ಖಾಲಿ ಗೂಡಿಗೆ ತುಂಬಿದರಾಯಿತು, ಸಂಜೆಯೊಳಗೆ ಅವನ ಮಾತು ಮರಳುತ್ತದೆ. ಬಸ್ಸಿನಲ್ಲಿ ಇದನ್ನೇ ಜಪಿಸುತ್ತ ಬಂದಿದ್ದಳು.

ಪ್ರತಿ ಇರಲಿಲ್ಲ. ಆ ಒಂದು ಗೂಡಿಗೆ ಮಾತ್ರ, ಹೋದ ವಾರ ಯಾರೋ ಸಾಲೊಂದನ್ನು ಬದಲಿಸಿದ್ದರು: ಪ್ರತಿ ಉಳಿಸಬೇಡ. ಅದರ ಮರುದಿನ ಬೀಗದ ಸಾಲು ತೆಗೆದಿದ್ದರು. ಆಮೇಲೆ ಸೋಮವಾರದ ಹೆಸರು ಬದಲಾವಣೆ. ಮೊದಲೆರಡಕ್ಕೆ 'ಓದಿದೆ' ಎಂದವರು ಬೇರೆ ಪಾಳಿಯವರು. ಮೂರೂ ಕಡೆ ಬರೆದವರ ಹೆಸರು ಒಂದೇ, ಕಸ್ತೂರಕ್ಕನದು.

ಸಾಲೊಂದು ಮರೆತುಹೋಗುವುದುಂಟು. ಒಂದೇ ಗೂಡಿಗೆ ಮೂರು ಸಲ ಕೈತಪ್ಪುವುದಿಲ್ಲ.

ಕಸ್ತೂರಕ್ಕ ಒಳಬಂದಾಗ ದಾನೇಶ್ವರಿ ಅವಳ ಕುರ್ಚಿಯಲ್ಲೇ ಕುಳಿತಿದ್ದಳು. ಪರದೆಯ ಮೇಲೆ ಆ ಮೂರು ಬದಲಾವಣೆಗಳು ತೆರೆದಿದ್ದವು.

"ಏನ್ರಿ ಇದು?"

"ಬಾಗಲಾ ಹಾಕು."

"ಬಾಗಲಾ ಯಾಕ ಹಾಕ್ಲಿ? ಎಲ್ಲಾರೂ ಕೇಳ್ಲಿ. ನನ್ನ ಗಂಡನ ಬಾಯಿ ಮುಚ್ಚಿಸೀರಿ. ಅದೂ ನನ್ನ ಕೈಲೇನ. ನಾ ನಿಮಗ ಏನ್ ಮಾಡಿದ್ದೆ? ಅಕ್ಕಾ ಅಕ್ಕಾ ಅಂತ ನಿಮ್ಮ ಹಿಂದ ತಿರಗಿದ್ದ ತಪ್ಪಾತೇನು?"

ಕಸ್ತೂರಕ್ಕ ತಾನೇ ಹೋಗಿ ಬಾಗಿಲು ಹಾಕಿದಳು. ಬಂದು ಮೇಜಿನ ಅಂಚಿಗೆ ಒರಗಿ ನಿಂತಳು.

"ಕೆಡವ್ರಿ ಅಂತ ಅವನ ಕೇಳಿದ," ಎಂದಳು.

"ಯಾರು?"

"ನಿನ್ನ ಗಂಡ. ನೀ ಅಕ್ಕನ ಮಗಳ ನಿಶ್ಚಯಕ್ಕ ಗದಗಿಗೆ ಹೋಗಿದ್ದೆಲ್ಲ, ಆವತ್ತ ಬಂದಿದ್ದ. ಪಟ್ಟಿ ಬಿಚ್ಚಿ ಈ ಮೇಜಿನ ಮ್ಯಾಲಿಟ್ಟು ಫೋನಿನ್ಯಾಗ ಬರದು ತೋರಿಸಿದ. ಇದು ನನ್ನ ಮಾತಲ್ಲ, ಇದರಾಗ ಯಾರೋ ಬ್ಯಾರೆಯವರು ಕುಂತಾರ, ಹುಡುಕಿ ಹೇಳ್ರಿ ಅಂದ."

ದಾನೇಶ್ವರಿಯ ಕೈ ಮೇಜಿನ ಮೇಲಿಂದ ತೊಡೆಗೆ ಇಳಿಯಿತು.

"ನಾ ನಕ್ಕೆ," ಎಂದಳು ಕಸ್ತೂರಕ್ಕ. "ಹಂಗೆಲ್ಲಾ ಏನೂ ಇರೂದಿಲ್ಲ ತಮ್ಮಾ ಅಂತ ಹೇಳಿ, ಅವನ ಸಮಾಧಾನಕ್ಕ ಕಡತಾ ತಗದೆ. ಅವನ ಗೂಡಿನ ಸಾಲು ಒಂದೊಂದ ಓದಿದೆ. ಕಟುತ್ವ: ಬೇಡ. ಅಂತ ಒಂದ್ ಸಾಲು. ಇಡೀ ಕಡತದಾಗ ಬ್ಯಾರೆ ಯಾರಿಗೂ ಇಲ್ಲ ಅದು."

ಆ ಸಾಲು ಬರೆದ ಮಧ್ಯಾಹ್ನ ದಾನೇಶ್ವರಿಗೆ ಚೆನ್ನಾಗಿ ನೆನಪಿತ್ತು. ಗೂಡು ಆಗಷ್ಟೇ ಮಾತು ಕಲಿತಿತ್ತು. ಸಾವಿನ ಬಾಯಿಂದ ಬಂದವನು, ಮಾತು ಮರಳಿದ ಕೂಡಲೇ ಬರೀ ಬೈಯತೊಡಗಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈದ. ಕಿಟಕಿ ತೆರೆದಿದ್ದಕ್ಕೆ ಬೈದ. ನೋಡಲು ಬಂದ ಅವನ ಅಕ್ಕ ಅಳುತ್ತ ಹೋದಳು. ಪಟ್ಟಿಯ ಧ್ವನಿಗೆ ದಣಿವೆಂಬುದಿರಲಿಲ್ಲ, ಕಟ್ಟಿದ ಗಂಟಲೆಂಬುದಿರಲಿಲ್ಲ, ಅದು ಎಷ್ಟು ಹೊತ್ತು ಬೇಕಾದರೂ ಕೂಗಬಲ್ಲದಾಗಿತ್ತು. ಅವಳು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿರುತ್ತಿದ್ದಳು. ಒಂದು ದಿನ ಇದೇ ಕೋಣೆಯಲ್ಲಿ ಬೇರೇನೋ ತಿದ್ದುತ್ತಿದ್ದಾಗ ಅವನ ಗೂಡಿನ ಸಾಲುಗಳು ಕಣ್ಣೆದುರು ಬಂದವು. ತಮ್ಮ ಮನೆಯವರ ಗೂಡಿಗೆ ಯಾರೂ ಕೈಹಾಕಬಾರದೆಂಬ ನಿಯಮ ಅವಳಿಗೆ ಗೊತ್ತಿತ್ತು. ಎರಡೇ ಪದ ಬರೆದಳು. ಆ ವಾರದಿಂದ ಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿಸತೊಡಗಿತು. "ಸ್ವಲ್ಪ ಉಪ್ಪು ಜಾಸ್ತಿ ಆಗೇತಿ ಅನಸ್ತೈತಿ ದಾನಿ" ಎಂದು ಅವನ ದನಿಯಲ್ಲೇ ಗೂಡು ಹೇಳಿದಾಗ ಅವಳಿಗೆ ಹೊಸದಾಗಿ ಮದುವೆಯಾದಂತಾಗಿತ್ತು.

"ನಾ ಸತ್ತು ಹೋಗ್ತಿದ್ದೆ ಅಕ್ಕಾರ," ಎಂದಳು ಈಗ. "ನಿಮಗ ಗೊತ್ತಿಲ್ಲ ಅವು ಎಂಥಾ ದಿನಾ ಅಂತ."

"ನನಗ ಹೇಳಬೇಕಾಗಿತ್ತು. ಅವಗ ಹೇಳಬೇಕಾಗಿತ್ತು. ಆ ಸಾಲಿನ ಕೆಳಗ ಯಾರು ಓದಿದೆ ಅಂದಾರ, ನೋಡಿಯೇನು?"

ದಾನೇಶ್ವರಿ ಪರದೆಯ ಕಡೆ ತಿರುಗಿದಳು.

"ನಾನು. ಸಣ್ಣ ತಿದ್ದುಪಡಿ ಅಂತ ತಲಿಬರಹ ಹಾಕಿದ್ದಿ. ನೀ ಬರದಿದ್ದು ಅಂತ ನಾನೂ ಕೆಳಗಿನ ತನಕಾ ನೋಡ್ಲಿಲ್ಲ. ಒಬ್ಬ ಮನುಷ್ಯಾನ ಬಾಯಾಗಿಂದ ಸಿಟ್ಟು ಕಿತ್ತೀವಿ ನಾವಿಬ್ರೂ, ನನಗ ಸುದ್ದಿನೂ ಇಲ್ಲ. ಅವನ ಎದುರಿಗೆ ಕುಂತು ನನ್ನ ಹೆಸರು ನಾನ ಓದಿದಾಗ ನನ್ನ ಮುಖಾ ಎಲ್ಲಿಡ್ಲಿ ತಿಳೀಲಿಲ್ಲ."

"ಹಂಗಾರ ಆ ಸಾಲು ತಗದಿದ್ರ ಸಾಕಾಗಿತ್ತಲ್ಲ? ಗೂಡು ಯಾಕ ಕೆಡವಿದ್ರಿ?"

"ತಗದ್ರ ಏನಾಕ್ಕೈತಿ, ನೀನ ಹೇಳು. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಸಾಲು ತೆಗೆದರೂ ಗೂಡು ಬದಲಾಗುತ್ತಿರಲಿಲ್ಲ. ಅಷ್ಟು ವರ್ಷ ಅದು ಕಲಿತದ್ದೆಲ್ಲ ಆ ಸಾಲಿನ ಕೆಳಗೇ. ಅವನ ಗಂಟಲು ಬೈಗುಳವಾಗಿ ಮಿಡಿದಾಗಲೆಲ್ಲ ಅದು ಮೆತ್ತನೆಯ ಮಾತೊಂದನ್ನು ಹುಡುಕಿ ಜೋಡಿಸಿಕೊಂಡಿತ್ತು. ಅದಕ್ಕೆ ಆ ಮಿಡಿತದ ಅರ್ಥವೇ ಅದಾಗಿತ್ತು. ಬೆಳೆದದ್ದನ್ನು ಹಿಂದಕ್ಕೆ ಬೆಳೆಸಲು ಬರುವುದಿಲ್ಲ. ಕೆಡವಿ ಹೊಸದು ಕಟ್ಟಬೇಕು.

"ಮನಿಯವರಿಗೆ ತಿಳಸೂ ಪದ್ಧತಿ ಐತಲ್ಲ. ನನಗ ಕೇಳಬೇಕಿತ್ತು."

"ಕೇಳಿದ್ರ ನೀ ಬಿಡ್ತಿದ್ದಿಲ್ಲ. ಅವನೂ ಅದನ್ನ ಹೇಳಿದ." ಕಸ್ತೂರಕ್ಕ ಕಿಟಕಿಯ ಕಡೆ ತಿರುಗಿದಳು. "ಯಲ್ಲಪ್ಪ ಅಂತ ಒಬ್ಬ ಹಮಾಲ ಇದ್ದಾನಲ್ಲ ಯಾರ್ಡಿನ್ಯಾಗ. ಲಾರಿ ಹಿಂದಕ್ಕ ಬಂದು ಕಾಲು ಜಜ್ಜಿತಲ್ಲ."

"ಗೊತ್ತೈತಿ. ಆವತ್ತ ಮನಿಗೆ ಬಂದು ಹೇಳಿದ್ರು. ಊಟಾ ಮಾಡ್ಲಿಲ್ಲ."

"ಲಾರಿ ಹಿಂದಕ್ಕ ಬರೂದನ್ನ ಚೀಲದ ಮ್ಯಾಲ ನಿಂತಿದ್ದ ನಿನ್ನ ಗಂಡ ಒಬ್ಬನ ನೋಡಿದ್ದ. ಕೆಡವೂಕಿಂತ ಮದಲ ನಾ ಗೂಡಿನ್ಯಾಗ ಆ ದಿನದ್ದು ತಗದು ನೋಡಿದೆ ದಾನಿ. ಒಳಗ ಹೋಗಿದ್ದು, 'ನಿಲ್ಲಸೋ ಲೇ ಸೂಳೆಮಗನ, ಮನುಷ್ಯಾ ಅದಾನ.' ಹೊರಗ ಬಂದಿದ್ದು, 'ಸ್ವಲ್ಪ ನಿಲ್ಲಿಸ್ತೀರೇನ್ರಿ.'"

ಹೊರಗೆ ಯಾರೋ ಬಾಗಿಲು ತಟ್ಟಿದರು. ಹೆಜ್ಜೆ ಸದ್ದು ದೂರವಾಯಿತು.

"ಆವತ್ತ ಸಂಜಿಕೆ ನಿನಗ ಏನಂದ?"

"ಬ್ಯಾಸರಾಗೇತಿ ಅಂದ್ರು. ಅಷ್ಟ. ನಾ ಹೆಗಲ ಮ್ಯಾಲ ಕೈ ಹಾಕಿ, ಆಗೂದು ಆಕ್ಕೈತಿ ಬಿಡ್ರಿ ಅಂದೆ."

"ಒಳಗ ಹೋಗಿದ್ದು ಅದಲ್ಲ. 'ನಾ ಒದರಿದೆ ದಾನಿ, ದನಿ ಬರಲಿಲ್ಲ, ನನಗ ಹುಚ್ಚ ಹಿಡೀತೈತಿ, ಏನರೆ ಮಾಡು.' ಇದು ಹೋಗಿದ್ದು. ಎಷ್ಟೋ ಸಲ. ಅದನ್ನ ತಿರಗಾ ಮುರಗಾ. ಗೂಡು ಪ್ರತಿ ಸಲ ಅದನ್ನ ಬ್ಯಾಸರಾ ಮಾಡಿ ಕಳಿಸೇತಿ."

ದಾನೇಶ್ವರಿ ಆ ಸಂಜೆಯನ್ನು ನೆನೆಸಿಕೊಂಡಳು. ಬ್ಯಾಸರಾಗೇತಿ, ಬ್ಯಾಸರಾಗೇತಿ ಎಂದು ಅವನು ಬೆನ್ನು ಬೆನ್ನಿಗೇ ಹೇಳಿದ್ದು, ಪ್ರತಿ ಸಲವೂ ಅದೇ ತಣ್ಣನೆಯ ದನಿ, ಪಟ್ಟಿಯೇ ಎಲ್ಲೋ ಸಿಕ್ಕಿಕೊಂಡಿದೆಯೇನೋ ಎಂದು ತಾನು ಅದರ ಗುಂಡಿ ಒತ್ತಿ ಆರಿಸಿ ಹಚ್ಚಿದ್ದು.

"ನನ್ನ ಕೈಲೇ ಯಾಕ ಮಾಡಸಿದ್ರಿ?" ಎಂದಳು ಕೊನೆಗೆ. "ಬ್ಯಾರೆ ಯಾರರ ಓದಿದೆ ಅನ್ನಬಹುದಿತ್ತು."

"ಅದನ್ನೂ ಅವನ ಕೇಳಿದ. ಆಕಿ ಯಾರಿಗೂ ಓದಿ ಹೇಳದ ಹಾಕಿದ್ದು, ಆಕಿ ಓದದನ ಹೋಗ್ಲಿ ಅಂತ ಬರದು ತೋರಿಸಿದ. ನನಗೂ ಸಿಟ್ಟಿತ್ತು, ಹೂಂ ಅಂದೆ. ಆದ್ರ ನಿನ್ನೆ ನಿನಗ ಎರಡ ಸಲ ಕೇಳಿದೆ. ಕೆಳಗಿನ ತನಕಾ ನೋಡು ಅಂದೆ. ನೀ ನೋಡಿದ್ದಿ ಅಂದ್ರ ನಿಲ್ಲಿಸ್ತಿದ್ದೆ."

"ಎಂಥಾ ಉಪಕಾರ," ಎಂದಳು ದಾನೇಶ್ವರಿ. ಎದ್ದಳು. ಬಾಗಿಲ ಬಳಿ ನಿಂತು, "ನಿನ್ನೆ ಸಂಜಿಕೆ ನಾ ಅವರ ಮುಂದ ನೆಲದ ಮ್ಯಾಲ ಕುಂತು ಅತ್ತೀನಿ," ಎಂದಳು. "ನಾನ ಮಾಡೀನಿ, ನಾನ ಮಾಡೀನಿ ಅಂತ. ತಲಿ ಮ್ಯಾಲ ಕೈ ಇಟ್ಟು ಕುಂತಿದ್ರು. ಎಲ್ಲಾ ಗೊತ್ತಿದ್ದು ಸುಮ್ಮ ಕುಂತಿದ್ರು."



*

ಮಧ್ಯಾಹ್ನದ ಬಿಸಿಲಿಗೆ ಉಣಕಲ್ಲಿನ ಓಣಿ ಖಾಲಿಯಿತ್ತು. ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಬಳಿ ಗೋಡೆಗೆ ಒಂದು ಊರುಗೋಲು ಒರಗಿಸಿದ್ದರು.

ಒಳಗೆ ಫಕೀರೇಶನ ಎದುರು ಯಲ್ಲಪ್ಪ ಕೂತಿದ್ದ, ಮಡಿಸಲಾರದ ಕಾಲನ್ನು ಉದ್ದಕ್ಕೆ ಚಾಚಿ. ಅವನ ಕೈಯಲ್ಲಿ ಕೇಂದ್ರದ ಟ್ಯಾಬ್ಲೆಟ್ ಇತ್ತು. ಹೊಸ ಗೂಡಿಗೆ ಮಾತು ಕಲಿಸುವುದು ಹೀಗೇ. ಒಡೆಯ ಸದ್ದಿಲ್ಲದೆ ಒಂದು ಪದ ಆಡುತ್ತಾನೆ. ಎದುರಿಗಿರುವ ಜೊತೆಗಾರ ಅದು ಏನೆಂದು ಊಹಿಸಿ ಹೇಳುತ್ತಾನೆ. ಸರಿಯಿದ್ದರೆ ಒಡೆಯ ತಲೆಯಾಡಿಸುತ್ತಾನೆ, ಜೊತೆಗಾರ 'ಹೌದು' ಒತ್ತುತ್ತಾನೆ. ಆ ಮಿಡಿತಕ್ಕೆ ಆ ಪದ ಎಂದು ಗೂಡು ನಂಬಿಕೊಳ್ಳುತ್ತದೆ. ಮೊದಲ ಪದಗಳಿಗೆ ಗೂಡು ನಂಬುವುದು ಜೊತೆಗಾರನನ್ನು ಮಾತ್ರ. ಹಿಂದಿನ ಸಲ ತಿಂಗಳುಗಟ್ಟಲೆ ಆ ಜಾಗದಲ್ಲಿ ದಾನೇಶ್ವರಿ ಕೂತಿದ್ದಳು.

"ಬರ್ರಿ ಅಕ್ಕಾರ," ಎಂದ ಯಲ್ಲಪ್ಪ ಗಡಬಡಿಸಿ. "ಅಣ್ಣಾರು ಕರೆ ಕಳಿಸಿದ್ರು. ನನಗ ಇವೆಲ್ಲಾ ಎಲ್ಲಿ ತಿಳೀತಾವ್ರಿ, ಮುಂಜಾನಿಂದ ಒಂದ್ ಪದಾನೂ ಹತ್ತವಲ್ದು. ನೀವು ಬಂದ್ರೆಲ್ಲ, ಚಲೋ ಆತು."

ಅವನಿಗೆ ಏನೂ ಗೊತ್ತಿರಲಿಲ್ಲ. ಫಕೀರೇಶ ಹೆಂಡತಿಯ ಮುಖ ನೋಡಿದ. ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೆ ಒಂದೇ ನೋಟಕ್ಕೆ ತಿಳಿಯಿತು.

"ನನಗ ಹೇಳಬಹುದಿತ್ತು," ಎಂದಳು ದಾನೇಶ್ವರಿ. "ಫೋನಿನ್ಯಾಗ ಬರದು ತೋರಿಸಿದ್ದು ಆಕಿಗೆ. ನನಗ ತೋರಿಸಬಹುದಿತ್ತು."

ಫಕೀರೇಶನ ಬಾಯಿ ಆಡಿತು. ಒಂದು ಸಣ್ಣ ಪದ. ಪಟ್ಟಿಯಿಂದ ಗಾಳಿ ಬಿಟ್ಟಂತೆ ಒಂದು ಸದ್ದು ಬಂತು, ಅಷ್ಟೇ.

"ನೀರ್ರೀ ಅಣ್ಣಾರ?" ಎಂದ ಯಲ್ಲಪ್ಪ.

ಅಲ್ಲ ಎಂದು ತಲೆ ಅಲ್ಲಾಡಿಸಿದ ಫಕೀರೇಶ. ಮತ್ತೆ ಅದೇ ಪದ ಆಡಿದ, ಹೆಂಡತಿಯ ಕಡೆಗೇ ನೋಡುತ್ತ.

"ಊಟೇನ್ರಿ? ಬಾಗಲಾ ಹಾಕ್ಲ್ಯಾ?" ಯಲ್ಲಪ್ಪ ಬೆವರೊರೆಸಿಕೊಂಡ. "ನಿಮಗ ತಿಳೀತೇನ್ರಿ ಅಕ್ಕಾರ?"

ಅವಳಿಗೆ ಮೊದಲ ಸಲವೇ ತಿಳಿದಿತ್ತು. ಆ ತುಟಿಗಳನ್ನು ಅವಳಷ್ಟು ಓದಿದವರು ಯಾರೂ ಇರಲಿಲ್ಲ. ತಿಳಿಯಿತೆಂಬುದೂ ಅವನಿಗೆ ತಿಳಿದಿತ್ತು.

ನೀರು ಎಂದರೆ ಸಾಕಿತ್ತು. ಅಣ್ಣಾರಿಗೆ ನೀರಡಿಕೆ, ತಲೆ ತಿರುಗುತ್ತಿರಬೇಕು, ಅದಕ್ಕೇ ಸುಮ್ಮನೆ ಅಲ್ಲ ಅಲ್ಲ ಅನ್ನುತ್ತಾರೆ ಎಂದರೆ ಯಲ್ಲಪ್ಪ ಅ‌ಕ್ಕಾರ ಮಾತನ್ನೇ ನಂಬಿ ಒತ್ತುತ್ತಿದ್ದ. ಅವನು ಒತ್ತಿದ್ದನ್ನು ಗೂಡು ನಂಬುತ್ತಿತ್ತು. ಇನ್ನು ಮುಂದೆ ಆ ಗಂಟಲು ಹಾಗೆ ಮಿಡಿದಾಗಲೆಲ್ಲ ಅದು ನೀರು ಎನ್ನುತ್ತಿತ್ತು. ಬರೀ ಒಂದು ಪದ. ಅವಳು ನೀರು ತಂದುಕೊಡುತ್ತ ಈ ಮನೆಯಲ್ಲೇ ಇರಬಹುದಿತ್ತು.

ಫಕೀರೇಶನ ಕೈ ತನ್ನ ಕೊರಳ ಪಟ್ಟಿಗೆ ಹೋಗಿತ್ತು. ಯಾರೋ ಕಿತ್ತುಕೊಳ್ಳಲು ಬಂದವರೆದುರು ಹಿಡಿದುಕೊಳ್ಳುವ ಹಾಗೆ ಹಿಡಿದಿದ್ದ. ಅವನ ಕಣ್ಣಲ್ಲಿ ಸಿಟ್ಟು ಹುಡುಕಿದಳು ದಾನೇಶ್ವರಿ. ಇರಲಿಲ್ಲ. ಅವನು ಅವಳಿಗೆ ಅಂಜಿದ್ದ.

"ಹೋಗು ಅನ್ನಾಕತ್ತಾರ," ಎಂದಳು. "ನನಗ. ಹೌದು ಒತ್ತು."

ಯಲ್ಲಪ್ಪನ ಬೆರಳು ಪರದೆಯ ಮೇಲೆ ನಿಂತಿತು. "ಏ, ಹಂಗ್ಯಾಕ್ ಅಂತಾರ್ರಿ ಅಕ್ಕಾರ," ಎಂದು ನಗಲು ನೋಡಿದ. ಯಾರೂ ನಗಲಿಲ್ಲ. ಅವನು ಫಕೀರೇಶನ ಕಡೆ ನೋಡಿದ. ಫಕೀರೇಶ ತಲೆಯಾಡಿಸಿದ, ಹೌದು. ಯಲ್ಲಪ್ಪ ಒತ್ತಿದ.

"ಹೋಗು," ಎಂದಿತು ಪಟ್ಟಿ. ದನಿ ಅವನದೇ. ಅದರಲ್ಲಿ ಮೃದುತ್ವ ಇರಲಿಲ್ಲ, ಕಟುತ್ವವೂ ಇರಲಿಲ್ಲ. ಅದಕ್ಕೆ ಗೊತ್ತಿದ್ದ ಪದವೇ ಅದೊಂದು.

"ಸರಿ ಬಂತು," ಎಂದಳು ದಾನೇಶ್ವರಿ. ಹೊಸ್ತಿಲ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. "ಒಂದ್ ಸಲಕ್ಕ ಗಟ್ಟಿ ಆಗೂದಿಲ್ಲ ಯಲ್ಲಪ್ಪ. ಇನ್ನೂ ಎರಡ್ಮೂರು ಸಲ ಅನಸು."

ಮೆಟ್ಟಿಲಿಳಿಯುವಾಗ ಹಿಂದಿನಿಂದ ಅದು ಮತ್ತೊಮ್ಮೆ ಕೇಳಿಸಿತು. ಓಣಿ ತಿರುಗುವಾಗ ಇನ್ನೊಮ್ಮೆ, ಮೊದಲಿಗಿಂತ ಸ್ಪಷ್ಟವಾಗಿ.